ಪಾರ್ಥಿವ ಕಳೆದು ವ್ಯಯ ಹುಟ್ಟಿದ ವರುಷ: ಇಟಲಿ, ೧೯೪೬

ಕ್ರಿ.ಶ. ೧೯೪೬ನೆಯ ಇಸವಿ ಜೂನ್ ತಿಂಗಳ ೨ ಮತ್ತು ೩ನೆಯ ದಿನಗಳಲ್ಲಿ ಇಟಲಿ ದೇಶದ ಜನರು ತಮಗೆ ಅರಸು ಬೇಕೇ ಬೇಡವೇ ಎಂಬ ಪ್ರಶ್ನೆಗೆ ಚೀಟಿಯ ಮೂಲಕ ಉತ್ತರ ಕೊಟ್ಟರು. ಅರಸರನ್ನು ಇಳಿಸಿದ ದೇಶಗಳು ಚರಿತ್ರೆಯಲ್ಲಿ ಹಲವುಂಟು. ಇಂಗ್ಲೆಂಡಿನವರು ಒಬ್ಬನ ತಲೆಯನ್ನು ಕೊಡಲಿಯಿಂದಲೂ ಫ್ರಾನ್ಸಿನವರು ಒಬ್ಬನ ತಲೆಯನ್ನು ಯಂತ್ರದಿಂದಲೂ ತೆಗೆದರು. ರಷ್ಯದಲ್ಲಿ ಒಂದು ಸಂಸಾರವನ್ನೇ ನೆಲಮಾಳಿಗೆಯಲ್ಲಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಇಟಲಿಯವರಾದರೋ ಕಾಗದದ ಚೂರಿನ ಮೇಲೆ ಗುರುತು ಮಾಡಿ ತಮ್ಮ ಅರಸನನ್ನು ವಿಮಾನ ಹತ್ತಿಸಿದರು. ಆಗ ಆ ದೇಶವು ಶಾಂತವಾಗಿತ್ತೆಂದು ವಾಚಕರು ತಿಳಿಯಬಾರದು. ಮಹಾಯುದ್ಧ ಮುಗಿದು ಒಂದು ವರುಷವಾಗಿತ್ತಷ್ಟೆ. ಅಣ್ಣತಮ್ಮಂದಿರು ಎದುರುಬದುರಾಗಿ ನಿಂತು ಹೊಡೆದಾಡಿದ ಗಾಯ ಇನ್ನೂ ಮಾಗಿರಲಿಲ್ಲ; ಸೇತುವೆಗಳು ಮುರಿದು ಬಿದ್ದಿದ್ದುವು; ರೊಟ್ಟಿಯು ಪಡಿಚೀಟಿಯ ಮೇಲೆ ದೊರೆಯುತ್ತಿತ್ತು; ಬಚ್ಚಿಟ್ಟ ಬಂದೂಕುಗಳಿಗೆ ಲೆಕ್ಕವಿರಲಿಲ್ಲ.

ನಮ್ಮ ಪಂಚಾಂಗದ ಲೆಕ್ಕದಂತೆ ಆ ವರುಷದ ಯುಗಾದಿಗೆ ಪಾರ್ಥಿವ ಸಂವತ್ಸರ ಕಳೆದು ವ್ಯಯ ಸಂವತ್ಸರ ಬಂದಿತು. ಪಾರ್ಥಿವನೆಂದರೆ ಅರಸು. ಇಟಲಿಯವರಿಗೆ ನಮ್ಮ ಪಂಚಾಂಗವಿಲ್ಲ. ಇದ್ದಿದ್ದರೆ ಅರಸನ ಪಕ್ಷದವರು ಒಂದು ಶಾಂತಿಯನ್ನಾದರೂ ಮಾಡಿಸುತ್ತಿದ್ದರೋ ಏನೋ.

ಅರಸನ ಮೇಲೆ ಜನರಿಗೆ ಮುನಿಸು ಏಕೆ ಬಂದಿತೆಂಬುದನ್ನು ಮೊದಲು ಹೇಳಬೇಕು. ಸವೋಯ ವಂಶದವರು ೧೮೬೧ರಿಂದ ಇಟಲಿಗೆ ಅರಸರು. ಆ ವಂಶದ ಮೂರನೆಯ ವಿತ್ತೋರಿಯೊ ಎಮಾನುವೆಲೆ ೧೯೦೦ರಲ್ಲಿ, ಕೊಲೆಗಾರನ ಗುಂಡಿಗೆ ತಂದೆಯು ಬಲಿಯಾದಾಗ ಪಟ್ಟವೇರಿದನು. ೧೯೨೨ರ ಅಕ್ಟೋಬರಿನಲ್ಲಿ ಮುಸೊಲಿನಿಯ ಕರಿಯಂಗಿಯ ದಂಡು ರೋಮಿಗೆ ನಡೆದು ಬಂದಾಗ, ಅದನ್ನು ತಡೆಯುವ ಆಜ್ಞಾಪತ್ರವನ್ನು ಮಂತ್ರಿಗಳು ಮುಂದಿಟ್ಟರು. ಅರಸನು ರುಜು ಹಾಕಲಿಲ್ಲ. ಮುಸೊಲಿನಿಯನ್ನು ಕರೆದು ಅಧಿಕಾರ ಕೊಟ್ಟನು. ಹಾಕಬೇಕಾದ ರುಜುವನ್ನು ಹಾಕದವನು ಹಾಕಬಾರದ ರುಜುಗಳನ್ನು ಮುಂದೆ ಹಾಕುತ್ತ ಹೋದನು. ಯೆಹೂದ್ಯರನ್ನು ಶಾಲೆಗಳಿಂದಲೂ ಉದ್ಯೋಗಗಳಿಂದಲೂ ಹೊರದೂಡಿದ ೧೯೩೮ರ ಶಾಸನಗಳ ಕೆಳಗೆ ಇರುವುದು ಅವನ ಹೆಸರೇ. ೧೯೪೩ರ ಜುಲೈ ೨೫ರಂದು ಯುದ್ಧ ಸೋಲಿಗೆ ತಿರುಗಿದಾಗ ಅವನು ಮುಸೊಲಿನಿಯನ್ನು ತಳ್ಳಿದ್ದು ನಿಜ. ಆದರೆ ಸೆಪ್ಟೆಂಬರ್ ೮ರಂದು ಯುದ್ಧವಿರಾಮ ಸಾರಿದ ಮರುದಿನ ಬೆಳಗಿನ ಜಾವದಲ್ಲಿ ರಾಜಧಾನಿಯನ್ನು ಬಿಟ್ಟು ದಕ್ಷಿಣದ ಬ್ರಿಂದಿಸಿಗೆ ಹೊರಟುಹೋದನು. ಸೈನ್ಯಕ್ಕೆ ಏನು ಮಾಡಬೇಕೆಂದು ಹೇಳಿದವರಿಲ್ಲ. ಆರು ಲಕ್ಷಕ್ಕೂ ಮಿಕ್ಕಿದ ಇಟಲಿಯ ಸಿಪಾಯಿಗಳು ಜರ್ಮನರ ಸೆರೆಯಾದರು. ಇಪ್ಪತ್ತು ವರುಷದ ದಬ್ಬಾಳಿಕೆಯನ್ನು ಮರೆತವರೂ ಆ ಒಂದು ಬೆಳಗನ್ನು ಮರೆಯಲಿಲ್ಲ.

ಇಲ್ಲಿ ನಮ್ಮ ಕಡೆಯ ಮಾತೊಂದನ್ನು ಹೇಳಬಹುದು. ಆ ದೇಶವನ್ನು ಜರ್ಮನರಿಂದ ಬಿಡಿಸಿದ ಸೈನ್ಯಗಳಲ್ಲಿ ಭಾರತದ ಮೂರು ಡಿವಿಜನ್‌ಗಳಿದ್ದುವು. ಬೆಳಗಾವಿಯನ್ನು ಕೇಂದ್ರವಾಗಿ ಉಳ್ಳ ಮರಾಠಾ ಪದಾತಿದಳದ ಯಶವಂತ ಘಾಡಗೆ ೧೯೪೪ರಲ್ಲಿ ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಪಾತ್ರನಾದನು. ಅದೇ ಕಾಲದಲ್ಲಿ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸಿಪಾಯಿಗಳು ಬೆಂಗಳೂರಿನ ಸುತ್ತಿನ ಶಿಬಿರಗಳಲ್ಲಿದ್ದರು. ತಮ್ಮದಲ್ಲದ ಯುದ್ಧದಲ್ಲಿ ನಮ್ಮವರು ಅಲ್ಲಿ, ಅವರ ಮಂದಿ ಇಲ್ಲಿ. ಹೊರದೇಶಗಳಿಂದ ಊರಿಗೆ ಹಿಂದಿರುಗದ ಸೆರೆಯಾಳುಗಳಿಗೆ ಆ ಜೂನ್ ತಿಂಗಳ ಮತವೂ ತಪ್ಪಿತು.

೧೯೪೬ರ ಆದಿಯಲ್ಲಿ ಪ್ರಧಾನಮಂತ್ರಿಯಾಗಿದ್ದವನು ಅಲ್ಚಿದೆ ದೆ ಗಾಸ್ಪೆರಿ. ಆತನು ಹುಟ್ಟಿದ ತ್ರೆಂತೊ ಸೀಮೆಯು ಆಗ ಆಸ್ಟ್ರಿಯಕ್ಕೆ ಸೇರಿದ್ದಿತು. ತರುಣನಾಗಿದ್ದಾಗ ವಿಯೆನ್ನದ ಸಭೆಯಲ್ಲಿ ಸದಸ್ಯನಾಗಿದ್ದನು. ಮುಸೊಲಿನಿಯ ಕಾಲದಲ್ಲಿ ಸೆರೆಮನೆ ಕಂಡು, ಆಮೇಲೆ ವ್ಯಾಟಿಕನ್ನಿನ ಪುಸ್ತಕಭಂಡಾರದಲ್ಲಿ ಕೆಲಸ ಮಾಡಿ ದಿನ ಕಳೆದನು. ಪುಸ್ತಕಗಳ ಪಟ್ಟಿ ಬರೆಯುತ್ತಿದ್ದವನೇ ಒಂದು ರಾಜ್ಯಕ್ಕೆ ಚುಕ್ಕಾಣಿ ಹಿಡಿಯಬೇಕಾಯಿತು. ಅವನ ಮಂತ್ರಿಮಂಡಲದಲ್ಲಿ ಕ್ರೈಸ್ತಪಕ್ಷದವರು, ಸಮಾಜವಾದಿಗಳು, ಕಮ್ಯುನಿಸ್ಟರು ಎಲ್ಲರೂ ಕೂಡಿದ್ದರು. ಅರಸುತನದ ಪ್ರಶ್ನೆಯನ್ನು ಶಾಸನಸಭೆಯು ತೀರ್ಮಾನಿಸದೆ ಜನರೇ ನೇರವಾಗಿ ತೀರ್ಮಾನಿಸಬೇಕೆಂಬ ಗೊತ್ತುಪಾಡು ಈ ಮಂತ್ರಿಮಂಡಲದ್ದು.

ಜನರೆಂದರೆ ಯಾರು? ಇಷ್ಟು ಕಾಲವೂ ಗಂಡಸರು ಮಾತ್ರ. ೧೯೪೫ರ ಫೆಬ್ರವರಿಯ ಒಂದು ಶಾಸನದಿಂದ ಸ್ತ್ರೀಯರಿಗೆ ಮತದ ಹಕ್ಕು ಬಂದಿತು. ಆದರೆ ಆ ಶಾಸನವನ್ನು ಬರೆದವರು ಸ್ತ್ರೀಯರು ಚುನಾಯಿತರಾಗಲೂಬಹುದೆಂದು ಬರೆಯುವುದನ್ನು ಬಿಟ್ಟಿದ್ದರು! ಅದನ್ನು ಸೇರಿಸಲು ೧೯೪೬ರ ಮಾರ್ಚಿಯಲ್ಲಿ ಇನ್ನೊಂದು ಶಾಸನವಾಗಬೇಕಾಯಿತು. ಆ ವಸಂತದ ಪುರಸಭೆಗಳ ಚುನಾವಣೆಯಲ್ಲಿ ಅವರು ಮೊದಲ ಸಾರಿ ಮತ ಕೊಟ್ಟರು; ಜೂನ್ ತಿಂಗಳಲ್ಲಿ ಗಂಡಸರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಂದರು. ಚೀಟಿಯ ಅಂಚನ್ನು ನಾಲಗೆಯಿಂದ ಒದ್ದೆಮಾಡಿ ಅಂಟಿಸಬೇಕಾಗಿದ್ದುದರಿಂದ, ತುಟಿಗೆ ಬಣ್ಣ ಹಚ್ಚಿ ಬಂದರೆ ಗುರುತು ಬಿದ್ದು ಚೀಟಿ ಕೆಟ್ಟೀತೆಂದು ಮಿಲಾನಿನ ದೊಡ್ಡ ಪತ್ರಿಕೆಯೊಂದು ಅವರಿಗೆ ಎಚ್ಚರಿಕೆ ಹೇಳಿತು. ಸ್ತ್ರೀಯರು ಪಾದ್ರಿಗಳು ಹೇಳಿದಂತೆ ಕೇಳಿ ಅರಸನಿಗೇ ಮತ ಹಾಕುವರೆಂದು ಎಡಪಕ್ಷದ ಹಲವರಿಗೆ ಅಂಜಿಕೆ ಇತ್ತು. ಗಣರಾಜ್ಯಕ್ಕೆ ಬಿದ್ದ ಮತಗಳಲ್ಲಿ ಅವರವೂ ಸೇರಿದ್ದುವೆಂಬುದು ಸಂಖ್ಯೆಗಳನ್ನು ನೋಡಿದವರಿಗೆ ತಿಳಿಯುವುದು.

ಮೇ ತಿಂಗಳಲ್ಲಿ ಎರಡು ಸಂಗತಿಗಳು ಎರಡು ದಿನಗಳ ಅಂತರದಲ್ಲಿ ನಡೆದುವು. ೯ರಂದು ನೇಪಲ್ಸಿನಲ್ಲಿ ಮುದಿ ಅರಸನು ಪಟ್ಟವನ್ನು ಮಗನಾದ ಉಂಬೆರ್ತೊನಿಗೆ ಬಿಟ್ಟುಕೊಟ್ಟು ಈಜಿಪ್ಟಿಗೆ ಹಡಗು ಹತ್ತಿದನು. ತನ್ನ ಮುಖ ಕಾಣದಿದ್ದರೆ ವಂಶವಾದರೂ ಉಳಿದೀತೆಂಬ ಎಣಿಕೆ. ಎರಡು ವರುಷ ಮೊದಲೇ ಹೀಗೆ ಮಾಡಿದ್ದರೆ ಉಳಿಯುತ್ತಿತ್ತೋ ಏನೋ; ಕ್ರೋಚೆ ಪಂಡಿತನು ೧೯೪೪ರಲ್ಲಿಯೇ ಈ ಮಾತನ್ನು ಹೇಳಿದ್ದನು.

೧೧ರಂದು ಮಿಲಾನ್ ನಗರದಲ್ಲಿ ಸ್ಕಾಲಾ ಎಂಬ ಸಂಗೀತನಾಟಕಶಾಲೆಯ ಬಾಗಿಲು ತೆರೆಯಿತು. ೧೯೪೩ರ ಆಗಸ್ಟಿನಲ್ಲಿ ಬಾಂಬು ಬಿದ್ದು ಅದರ ಮಾಡು ಕುಸಿದಿತ್ತು. ಮನೆಗಳೇ ಇಲ್ಲದ ಊರಿನಲ್ಲಿ ನಾಟಕಶಾಲೆಯನ್ನು ಮೊದಲು ಕಟ್ಟುವುದು ವಿವೇಕವೇ ಎಂದು ನಮ್ಮಲ್ಲಿ ಕೇಳಿಯಾರು. ಇಟಲಿಯವರಿಗೆ ಅದು ಊರ ದೇವಾಲಯದ ಜೀರ್ಣೋದ್ಧಾರದಂತೆ. ಅಂದು ವಾದ್ಯವೃಂದವನ್ನು ನಡೆಸಲು ಬಂದವನು ಎಪ್ಪತ್ತೊಂಬತ್ತು ವಯಸ್ಸಿನ ಆರ್ತೂರೊ ತೊಸ್ಕನೀನಿ. ಈತನು ೧೯೧೯ರಲ್ಲಿ ಮುಸೊಲಿನಿಯ ಪಟ್ಟಿಯಲ್ಲಿಯೇ ಚುನಾವಣೆಗೆ ನಿಂತಿದ್ದವನು; ಆಮೇಲೆ ಆ ಪಕ್ಷದ ಬಣ್ಣ ತಿಳಿದು ದೂರವಾದನು. ೧೯೩೧ರಲ್ಲಿ ಬೊಲೋನ್ಯ ನಗರದ ಕಛೇರಿಗೆ ಮೊದಲು ಪಕ್ಷದ ಗೀತೆಯನ್ನು ಬಾರಿಸಲು ಒಪ್ಪಲಿಲ್ಲವೆಂದು ಪುಂಡರು ಅವನ ಕೆನ್ನೆಗೆ ಹೊಡೆದರು. ಅಂದಿನಿಂದ ಆತನು ತಾಯ್ನಾಡಿನಲ್ಲಿ ಕೋಲು ಹಿಡಿಯಲಿಲ್ಲ. ಕೊನೆಗೆ ಅಮೆರಿಕದಲ್ಲಿ ನೆಲೆಸಿದನು. ಈಗ ಹಿಂದಿರುಗಿದಾಗ ಅವನು ಕೇಳಿದ್ದು ಒಂದು: ಯೆಹೂದ್ಯರೆಂಬ ಕಾರಣದಿಂದ ಹೊರಹಾಕಿದ್ದ ಕಲಾವಿದರು ತಮ್ಮ ಸ್ಥಾನಕ್ಕೆ ಬರಬೇಕು. ಮೇಳಗಾಯನದ ಗುರುವಾಗಿದ್ದ ವಿತ್ತೋರೆ ವೆನೆತ್ಸಿಯಾನಿ ಹಾಗೆ ಮರಳಿ ಬಂದನು.

ಅಂದಿನ ಕಛೇರಿಯಲ್ಲಿ ರೊಸ್ಸೀನಿ, ವೆರ್ದಿ, ಬೊಯ್ತೊ, ಪುಚ್ಚೀನಿ ಎಂಬ ನಾಲ್ವರು ಇಟಲಿಯವರ ಕೃತಿಗಳು ಮಾತ್ರ. ಅವುಗಳಲ್ಲಿ ವೆರ್ದಿಯ ‘ನಬೂಕೊ’ ಎಂಬ ನಾಟಕದಿಂದ, ಪರದೇಶದಲ್ಲಿ ಸೆರೆಯಾದ ಯೆಹೂದ್ಯರು ತಮ್ಮ ನಾಡನ್ನು ನೆನೆದು ಹಾಡುವ ಮೇಳಗೀತವೂ ಒಂದು. ಆ ನಾಟಕವು ಮೊದಲು ಆಡಿದ್ದು ೧೮೪೨ರಲ್ಲಿ, ಅದೇ ಸ್ಕಾಲಾದ ರಂಗದ ಮೇಲೆ. ೧೯೦೧ರಲ್ಲಿ ವೆರ್ದಿಯ ಅಸ್ಥಿಗಳನ್ನು ಮಿಲಾನಿನಲ್ಲಿ ಮೆರವಣಿಗೆಯಿಂದ ಕೊಂಡೊಯ್ಯುವಾಗ ನೂರಾರು ಗಾಯಕರಿಂದ ಅದೇ ಗೀತವನ್ನು ಹಾಡಿಸಿದವನು ತರುಣನಾದ ಈ ತೊಸ್ಕನೀನಿ. ನಾಲ್ವತ್ತೈದು ವರುಷಗಳ ಮೇಲೆ ಅದನ್ನು ಪುನಃ ಹಾಡಿಸುವಾಗ, ದೇಶಭ್ರಷ್ಟನಾಗಿದ್ದವನು ತಾನೇ. ಹಾಡಿಸಲು ಕಲಿಸುವವನು ಯೆಹೂದ್ಯನು. ಒಳಗೆ ಸ್ಥಳವಿಲ್ಲದವರಿಗಾಗಿ ಹೊರಗಿನ ಚೌಕದಲ್ಲಿ ಧ್ವನಿವರ್ಧಕಗಳನ್ನು ಇಟ್ಟಿದ್ದರು. ಅಂದು ಹಾಡಿದವರಲ್ಲಿ ರೆನಾತಾ ತೆಬಾಲ್ದಿ ಎಂಬ ಯುವತಿಯೂ ಇದ್ದಳು. ಮುಂದೆ ಆಕೆ ಲೋಕವಿಖ್ಯಾತಳಾದಳು.

ಇನ್ನು ಮತದ ಮಾತು. ಚೀಟಿಯಲ್ಲಿ ಎರಡು ಚಿತ್ರಗಳಿದ್ದುವು: ಗೋಪುರದಾಕಾರದ ಕಿರೀಟವಿಟ್ಟ ಸ್ತ್ರೀಯ ತಲೆ ಗಣರಾಜ್ಯಕ್ಕೆ, ಸವೋಯ ವಂಶದ ಗುರಾಣಿ ಮತ್ತು ಕಿರೀಟ ಅರಸುತನಕ್ಕೆ. ಅರಸನ ಪಕ್ಷದವರ ವಾದವು ನಮಗೆ ಹೊಸತಲ್ಲ. ದಶರಥನು ತೀರಿಕೊಂಡ ಬಳಿಕ, ಅರಸಿಲ್ಲದ ನಾಡು ಏನಾದೀತೆಂದು ಅಯೋಧ್ಯೆಯ ಹಿರಿಯರು ವಸಿಷ್ಠರ ಮುಂದೆ ಹೇಳಿಕೊಂಡ ಭಯವೇ ಅದು. ಅರಸು ಹೋದರೆ ಉತ್ತರ ದಕ್ಷಿಣಗಳನ್ನು ಕಟ್ಟಿದ ದಾರ ಹರಿಯುವುದು, ಕಮ್ಯುನಿಸ್ಟರ ಕೈಗೆ ನಾಡು ಸಿಕ್ಕುವುದು ಎಂದರು. ಗಣರಾಜ್ಯದವರ ಉತ್ತರವೂ ಬಲವಾದುದೇ: ಅರಸಿದ್ದಾಗಲೇ ಅರಾಜಕವನ್ನು ಕಂಡೆವಲ್ಲ, ಇನ್ನೇನು ಕಾಣಬೇಕು?

ನೂರಕ್ಕೆ ಎಂಬತ್ತೊಂಬತ್ತು ಮಂದಿ ಮತ ಕೊಟ್ಟರು. ಗಣರಾಜ್ಯಕ್ಕೆ ಸುಮಾರು ೧ ಕೋಟಿ ೨೭ ಲಕ್ಷ, ಅರಸನಿಗೆ ೧ ಕೋಟಿ ೭ ಲಕ್ಷ. ಬರಿದಾದವೂ ಕೆಟ್ಟವೂ ಸೇರಿ ಸುಮಾರು ೧೫ ಲಕ್ಷ ಚೀಟಿಗಳು. ಉತ್ತರವು ಗಣರಾಜ್ಯವೆಂದಿತು, ದಕ್ಷಿಣವು ಅರಸೆಂದಿತು. ತ್ರೆಂತೊ ಸೀಮೆಯಲ್ಲಿ ನೂರಕ್ಕೆ ೮೫ ಗಣರಾಜ್ಯಕ್ಕೆ ಬಿದ್ದರೆ, ನೇಪಲ್ಸಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಅರಸನಿಗೆ ಬಿದ್ದುವು. ಜರ್ಮನರ ಕೈಕೆಳಗೆ ಇಪ್ಪತ್ತು ತಿಂಗಳು ನರಳಿ ಕಾಡುಮೇಡುಗಳಲ್ಲಿ ಹೋರಾಡಿದ ಉತ್ತರದ ಅನುಭವವು ದಕ್ಷಿಣಕ್ಕೆ ಆಗಿರಲಿಲ್ಲ.

ಆಮೇಲಿನ ಹತ್ತು ದಿನಗಳೇ ನಿಜವಾದ ಪರೀಕ್ಷೆ. ಜೂನ್ ೧೦ರಂದು ಉನ್ನತ ನ್ಯಾಯಾಲಯದವರು ಸಂಖ್ಯೆಗಳನ್ನು ಓದಿದರು. ಆದರೆ ತಕರಾರುಗಳ ವಿಚಾರಣೆಯಾಗುವ ವರೆಗೆ ಕೊನೆಯ ತೀರ್ಪನ್ನು ತಡೆದರು. ಕೆಟ್ಟ ಚೀಟಿಗಳನ್ನೂ ಲೆಕ್ಕಕ್ಕೆ ಹಿಡಿದು ಬಹುಮತವನ್ನು ಎಣಿಸಬೇಕೆಂದು ಅರಸನ ಪಕ್ಷದವರು ಹಠ ಹಿಡಿದರು. ಹಾಗೆ ಎಣಿಸಿದರೂ ಗಣರಾಜ್ಯಕ್ಕೆ ಅರ್ಧಕ್ಕಿಂತ ಎರಡೂವರೆ ಲಕ್ಷದಷ್ಟು ಹೆಚ್ಚೇ ಇದ್ದಿತು. ನೇಪಲ್ಸಿನ ಬೀದಿಯಲ್ಲಿ ಗಲಭೆಯಾಗಿ ಜನ ಸತ್ತರು. ೧೨ರ ರಾತ್ರಿ ಮಂತ್ರಿಮಂಡಲವು ರಾಜ್ಯದ ಯಜಮಾನಿಕೆಯನ್ನು ತಾತ್ಕಾಲಿಕವಾಗಿ ದೆ ಗಾಸ್ಪೆರಿಗೆ ವಹಿಸಿತು. ಉಂಬೆರ್ತೊ ಇದನ್ನು ಅಕ್ರಮವೆಂದು ಖಂಡಿಸಿ ಪ್ರಕಟನೆ ಹೊರಡಿಸಿದನು. ಆದರೆ ಸೈನ್ಯವನ್ನು ಕರೆಯಲಿಲ್ಲ. ೧೩ರಂದು ವಿಮಾನ ಹತ್ತಿ ಪೋರ್ಚುಗಲ್ಲಿಗೆ ಹೋದನು. ಅವನು ಆಳಿದ್ದು ಮೂವತ್ತನಾಲ್ಕೈದು ದಿನ. ಜನರು ಅವನನ್ನು ‘ಮೇ ತಿಂಗಳ ಅರಸು’ ಎಂದು ಕರೆದರು. ಹಾಸ್ಯಕ್ಕೆ ಇಟ್ಟ ಹೆಸರಾದರೂ, ಕರೆದರೆ ಬರುವ ಸೈನಿಕರಿದ್ದೂ ಕರೆಯದೆ ಹೋದವನು ತಂದೆಗಿಂತ ಮೇಲೆಂದು ನನ್ನ ಎಣಿಕೆ.

ರಾಜ್ಯಾಂಗ ರಚನಾಸಭೆಯು ಜೂನ್ ೨೫ರಂದು ಸೇರಿತು. ಸದಸ್ಯರು ೫೫೬, ಅವರಲ್ಲಿ ಸ್ತ್ರೀಯರು ೨೧. ಮೂರು ದಿನಗಳ ಮೇಲೆ ಅವರು ಗಣರಾಜ್ಯದ ತಾತ್ಕಾಲಿಕ ಮುಖ್ಯಸ್ಥನನ್ನಾಗಿ ಆರಿಸಿದ್ದು ಎನ್ರಿಕೊ ದೆ ನಿಕೋಲಾ ಎಂಬ ವಕೀಲನನ್ನು. ಆತನು ನೇಪಲ್ಸಿನವನು, ಅರಸನ ಪಕ್ಷಕ್ಕೆ ಒಲಿದವನು! ಗೆದ್ದವರು ಸೋತವರ ಊರಿನಿಂದಲೇ ಯಜಮಾನನನ್ನು ತಂದು ಕೂರಿಸಿದರು. ಇದಕ್ಕಿಂತ ಜಾಣತನದ ಕೆಲಸವನ್ನು ಆ ವರುಷ ಅವರು ಮಾಡಲಿಲ್ಲ. ಅದೇ ೧೯೪೬ರ ಡಿಸೆಂಬರ್ ೯ರಂದು ನಮ್ಮ ರಾಜ್ಯಾಂಗ ರಚನಾಸಭೆಯೂ ದೆಹಲಿಯಲ್ಲಿ ಸೇರಿತು. ನಮ್ಮ ಸದಸ್ಯರನ್ನು ಪ್ರಾಂತಗಳ ಶಾಸನಸಭೆಗಳು ಆರಿಸಿದುವು. ಅವರ ಸದಸ್ಯರನ್ನು ವಯಸ್ಕರಾದ ಸ್ತ್ರೀಪುರುಷರೆಲ್ಲರೂ ನೇರವಾಗಿ ಆರಿಸಿದರು. ಕಾನೂನಿನ ಮುಂದೆ ಸಮಾನತೆಯನ್ನು ಹೇಳುವ ಮೂರನೆಯ ವಿಧಿಯಲ್ಲಿ ಲಿಂಗಭೇದವಿಲ್ಲದೆ ಎಂಬ ಮಾತು ಸೇರಿದ್ದು ಲೀನಾ ಮೆರ್ಲಿನ್ ಎಂಬ ಸದಸ್ಯೆಯ ಪ್ರಯತ್ನದಿಂದ. ಆಕೆಯೂ ಒಬ್ಬ ಉಪಾಧ್ಯಾಯಿನಿ.

ಆದರೆ ಆ ಜೂನ್ ತಿಂಗಳಲ್ಲಿಯೇ ಒಂದು ಕಲೆಯೂ ಅಂಟಿತು. ೨೨ರಂದು ನ್ಯಾಯಮಂತ್ರಿಯಾದ ತೊಲ್ಯಾತಿ, ಕಮ್ಯುನಿಸ್ಟರ ಮುಖಂಡ, ಹಳೆಯ ಅಪರಾಧಗಳಿಗೆ ಕ್ಷಮಾದಾನದ ಶಾಸನವನ್ನು ಹೊರಡಿಸಿದನು. ದ್ವೇಷವನ್ನು ಮುಗಿಸಬೇಕೆಂಬ ಉದ್ದೇಶವು ಒಳ್ಳೆಯದೇ. ಆದರೆ ‘ವಿಶೇಷವಾಗಿ ಕ್ರೂರವಾದ’ ಹಿಂಸೆ ಮಾಡಿದವರಿಗೆ ಕ್ಷಮೆಯಿಲ್ಲವೆಂದು ಅದರಲ್ಲಿ ಬರೆದಿದ್ದರು. ವ್ಯಾಕರಣ ಓದಿದವರು ವಿಶೇಷಣದ ಬಲವನ್ನು ಬಲ್ಲರು. ಹಳೆಯ ಕಾಲದಲ್ಲಿಯೇ ನೇಮಕವಾಗಿದ್ದ ನ್ಯಾಯಾಧೀಶರು ಆ ಪದವನ್ನು ಹಿಡಿದು, ಈ ಹಿಂಸೆ ಕ್ರೂರವೇ ಸರಿ, ವಿಶೇಷವಾಗಿ ಕ್ರೂರವಲ್ಲ ಎಂದು ಹಲವರನ್ನು ಬಿಟ್ಟರು. ತನ್ನನ್ನು ಚಿತ್ರಹಿಂಸೆ ಮಾಡಿದವನನ್ನು ಊರಬೀದಿಯಲ್ಲಿ ಎದುರುಗೊಳ್ಳಬೇಕಾದವನಿಗೆ ಗಣರಾಜ್ಯವು ಏನು ಹೇಳಬಲ್ಲುದು?

ಕಾನೂನು ಮುಚ್ಚಿದ ಈ ಗಾಯಗಳನ್ನು ತೆರೆದು ತೋರಿಸಿದ್ದು ಚಲಚ್ಚಿತ್ರ. ರೋಮಿನಲ್ಲಿ ಅಮೆರಿಕದ ಸಿಪಾಯಿಗಳ ಬೂಟು ಉಜ್ಜಿ ಬದುಕುವ ಹುಡುಗರಿಬ್ಬರು ಸೆರೆಮನೆ ಸೇರುವ ಕಥೆಯನ್ನು ದೆ ಸಿಕಾ ‘ಷೂಷಾ’ದಲ್ಲಿ ಹೇಳಿದನು. ರೊಸ್ಸೆಲ್ಲೀನಿಯ ‘ಪೈಸಾ’ ಸಿಸಿಲಿಯಿಂದ ಪೋ ನದಿಯ ವರೆಗೆ ಯುದ್ಧವು ನಡೆದ ದಾರಿಯಲ್ಲಿ ಆರು ಕಥೆಗಳನ್ನು ಆಯ್ದುಕೊಂಡಿತು. ಎರಡೂ ಆ ವರುಷದವೇ. ರೊಸ್ಸೆಲ್ಲೀನಿಯ ಹಿಂದಿನ ಚಿತ್ರ ‘ರೋಮ್, ತೆರೆದ ನಗರ’ ಫ್ರಾನ್ಸಿನ ಕಾನ್ ಪಟ್ಟಣದ ಮೊದಲನೆಯ ಉತ್ಸವದಲ್ಲಿ ಮಹಾಬಹುಮಾನ ಪಡೆದ ಹನ್ನೊಂದರಲ್ಲಿ ಒಂದು. ಆ ಹನ್ನೊಂದರಲ್ಲಿ ಇನ್ನೊಂದು ನಮ್ಮ ಚೇತನ್ ಆನಂದನ ‘ನೀಚಾ ನಗರ್’ ಎಂಬುದನ್ನು ನಮ್ಮಲ್ಲಿ ನೆನೆಯುವವರು ಕಡಮೆ.

ಹೊರಗಿನ ಲೋಕವು ಅರಸನನ್ನು ಕಳುಹಿಸಿದ ಮಾತ್ರಕ್ಕೆ ಇಟಲಿಯನ್ನು ಕ್ಷಮಿಸಲಿಲ್ಲ. ಆಗಸ್ಟ್ ೧೦ರಂದು ಪ್ಯಾರಿಸಿನ ಶಾಂತಿಸಭೆಯಲ್ಲಿ ದೆ ಗಾಸ್ಪೆರಿ ಸೋತ ದೇಶದ ಪ್ರತಿನಿಧಿಯಾಗಿ ನಿಂತು, ಹೊಸ ಗಣರಾಜ್ಯದ ಪರವಾಗಿ ಮಾತಾಡಿದನು. ೧೯೪೭ರ ಫೆಬ್ರವರಿಯಲ್ಲಿ ರುಜುವಾದ ಒಪ್ಪಂದದಿಂದ ಇಸ್ತ್ರಿಯ ಸೀಮೆಯ ಬಹುಭಾಗವು ಯುಗೋಸ್ಲಾವಿಯಕ್ಕೆ ಹೋಯಿತು. ಅಲ್ಲಿಯ ಇಟಾಲಿಯನರು ಮನೆಮಠ ಬಿಟ್ಟು ಬಂದರು.

ಅರಸನ ಜೊತೆಗೆ ಅರಸನ ಗೀತೆಯೂ ಹೋಯಿತಷ್ಟೆ. ೧೯೪೬ರ ಅಕ್ಟೋಬರ್ ೧೨ರಂದು ಮಂತ್ರಿಮಂಡಲವು ಗೊಫ್ರೇದೊ ಮಮೇಲಿ ಎಂಬ ತರುಣಕವಿಯು ಬರೆದ ನೂರು ವರುಷದ ಹಿಂದಿನ ಹಾಡನ್ನು ತಾತ್ಕಾಲಿಕವಾಗಿ ರಾಷ್ಟ್ರಗೀತೆಯೆಂದು ಒಪ್ಪಿತು. ಆ ತಾತ್ಕಾಲಿಕವು ಎಪ್ಪತ್ತೊಂದು ವರುಷ ನಡೆಯಿತು. ೨೦೧೭ರ ಡಿಸೆಂಬರಿನಲ್ಲಿ ಶಾಸನವಾಗಿ ಅದು ಸ್ಥಿರವಾಯಿತು. ಅದೇ ತಿಂಗಳಲ್ಲಿ, ೧೯೪೭ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಸತ್ತು ಅಲ್ಲಿಯೇ ಹೂಳಲ್ಪಟ್ಟಿದ್ದ ಮುದಿ ಅರಸನ ಅಸ್ಥಿಗಳನ್ನು ಪೀದ್ಮಾಂಟ್ ಸೀಮೆಯ ವಿಕೊಫೋರ್ತೆ ಎಂಬ ಊರಿನ ಇಗರ್ಜಿಗೆ ತಂದಿಟ್ಟರು.