ಕತ್ತಿ ಹಿಡಿದವರ ಹೆಸರು

ನಮ್ಮ ಬಗದಲ್‌ನಿಂದ ಬೀದರ್‌ಗೆ ಬಸ್ಸು ಹತ್ತಿದರೆ ಒಂದು ತಾಸಿನೊಳಗೆ ಇಳಿಯಬಹುದು. ಆದರೂ ನಮ್ಮೂರಿನ ಎಷ್ಟೋ ಮಂದಿ ಕೋಟೆಯೊಳಗಿನ ಮ್ಯೂಸಿಯಂ ನೋಡಿದವರಲ್ಲ. ನಮಗೆ ಬೀದರ್ ಎಂದರೆ ಕಚೇರಿ, ಆಸ್ಪತ್ರೆ, ಗಾಂಧಿ ಗಂಜಿನ ತೊಗರಿ ದರ, ಮದುವೆಯ ಜವಳಿ. ಕೋಟೆ ಎಲ್ಲಿಗೆ ಓಡಿಹೋಗುತ್ತದೆ, ನಾಳೆ ನೋಡಿದರಾಯಿತು ಎನ್ನುತ್ತೇವೆ. ಬೇರೆಯವರ ಮಾತೇಕೆ? ಬಿ.ಎ.ಯಲ್ಲಿ ಇತಿಹಾಸ ಓದಿ, ಬಿ.ಇಡಿ. ಮುಗಿಸಿ, ಹತ್ತು ವರ್ಷ ಬಹಮನಿ ಸುಲ್ತಾನರ ಪಾಠ ಹೇಳಿದ ನಾನೇ ಆ ಮ್ಯೂಸಿಯಂ ಅನ್ನು ಮನಸ್ಸಿಟ್ಟು ನೋಡಿದ್ದು 2004ರಲ್ಲಿ. ಅದೂ ಒಂದು ತಪ್ಪು ಮಾಡಿದ ಮೇಲೆ.

ಆ ವರ್ಷ ಹತ್ತನೆಯ ತರಗತಿಗೆ ಹೈದರಾಬಾದ್ ಸಂಸ್ಥಾನದ ವಿಲೀನದ ಪಾಠ ಮಾಡುತ್ತಿದ್ದೆ. ರಜಾಕಾರರ ಹಾವಳಿ ನಮ್ಮ ಭಾಗದವರಿಗೆ ಪುಸ್ತಕದ ಸಂಗತಿಯಲ್ಲ, ಮನೆಯ ಸಂಗತಿ. 1948ರ ಮೇ ತಿಂಗಳಲ್ಲಿ ಗೊರಟಾ ಗ್ರಾಮದಲ್ಲಿ ನಡೆದ ಕೊಲೆಗಳನ್ನು ಹೇಳುವಾಗ ನನ್ನ ದನಿ ಏರಿತು. ಪಾಠ ಚೆನ್ನಾಗಿ ಆಯಿತೆಂದು ನಾನೇ ಬೆನ್ನು ತಟ್ಟಿಕೊಂಡೆ. ಬಿಡುವಿನ ವೇಳೆಯಲ್ಲಿ ಹೊರಗೆ ಗದ್ದಲ ಕೇಳಿಸಿತು. ಒಬ್ಬ ಹುಡುಗ ಇನ್ನೊಬ್ಬನ ಕೊರಳಪಟ್ಟಿ ಹಿಡಿದು, “ನಿಮ್ಮವ್ರು ನಮ್ಮವ್ರಿಗಿ ಕಡದಾರ” ಎನ್ನುತ್ತಿದ್ದ. ಇಬ್ಬರೂ ಒಂದೇ ಓಣಿಯವರು, ಒಂದೇ ಬೆಂಚಿನವರು.

ಬೈಸಿಕೊಂಡ ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವನ ತಂದೆ ಬಂದು ಬಾಗಿಲ ಹೊರಗೇ ನಿಂತರು. “ಮೇಡಂ, ನಮ್ಮ ಅಬ್ಬಾ ಎತ್ತು ಮೇಯಿಸಿದವ್ರರಿ. ಬಂದೂಕ ಹ್ಯಾಂಗಿರ್ತದ ಅಂತ ಕಂಡವ್ರಲ್ಲ. ಈ ಹುಡುಗ ಯಾವ ಲೆಕ್ಕದಾಗ ಬರ್ತಾನ್ರಿ?” ಎಂದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆ.

ಮುಂದಿನ ವಾರ ಇಡೀ ತರಗತಿಯನ್ನು ಬೀದರ್ ಕೋಟೆಗೆ ಕರೆದುಕೊಂಡು ಹೋದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಅಹಮದ್ ಶಾ ಬಹಮನಿ ಕಟ್ಟಿಸಿದ ಕೋಟೆ ಇದು. ಒಂದು ಮಗ್ಗುಲಿಗೆ ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಮೂರು ಸಾಲಾಗಿ ತೋಡಿದ ಕಂದಕವಿದೆ. ಸೋಲಾ ಖಂಬ ಮಸೀದಿಯ ಹತ್ತಿರ, ಒಂದು ಕಾಲದಲ್ಲಿ ರಾಜಮನೆತನದ ಹಮಾಮು, ಅಂದರೆ ಸ್ನಾನಗೃಹವಾಗಿದ್ದ ಕಟ್ಟಡದಲ್ಲಿ ಮ್ಯೂಸಿಯಂ. ದೊಡ್ಡದಲ್ಲ. ದಪ್ಪ ಗೋಡೆ, ಒಳಗೆ ತಂಪು. ಹಳೆಯ ಶಿಲ್ಪಗಳು, ಕತ್ತಿ, ಬಂದೂಕು, ತೋಪಿನ ಗುಂಡುಗಳು. ಮೈ ತೊಳೆಯುತ್ತಿದ್ದ ಜಾಗದಲ್ಲಿ ರಕ್ತ ಕಂಡ ಕಬ್ಬಿಣ ಇಟ್ಟಿದ್ದಾರಲ್ಲ ಎನ್ನಿಸಿತು.

ಹುಡುಗರಿಗೆ ಕತ್ತಿಗಳ ಮುಂದಿನಿಂದ ಕದಲುವ ಮನಸ್ಸಿಲ್ಲ. ಕೊರಳಪಟ್ಟಿ ಹಿಡಿದಿದ್ದ ಹುಡುಗನೇ ಕೇಳಿದ: “ಮೇಡಂ, ಈ ಕತ್ತಿ ಯಾರದರಿ, ನಮ್ಮವ್ರದೋ ಅವ್ರದೋ?” ಚೀಟಿ ನೋಡಿದೆ. ವಸ್ತುವಿನ ಹೆಸರಿತ್ತು, ಹಿಡಿದವನ ಹೆಸರಿರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಮೇಲೆ ವಾಯುಪಡೆಯ ತರಬೇತಿ ವಿಮಾನವೊಂದು ಹಾರಿತು. ಎಲ್ಲರೂ ಹೊರಗೋಡಿ ಆಕಾಶ ನೋಡಿದರು. ಬೀದರ್ ಇಂದಿಗೂ ಸೈನ್ಯದ ಊರೇ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿಯ ವಾಯುನೆಲೆಯಲ್ಲಿ. ವಿಮಾನದಿಂದಾಗಿ ನಾನು ಅಂದು ಪಾರಾದೆ.

ಮನೆಗೆ ಬಂದು ಪುಸ್ತಕ ತೆಗೆದೆ. ಉತ್ತರ ಹುಡುಕುತ್ತ ಹೋದಂತೆ ಒಂದು ಸಂಗತಿ ಹೊಳೆಯಿತು. ನಮ್ಮ ಬೀದರ್‌ನ ಕಥೆಯನ್ನು ಸುಲ್ತಾನರ ಪಟ್ಟಿಯಿಂದ ಹೇಳುವುದಕ್ಕಿಂತ ಮದ್ದಿನಿಂದ, ಅಂದರೆ ತೋಪಿನ ಮದ್ದಿನಿಂದ ಹೇಳಿದರೆ ಮಕ್ಕಳಿಗೆ ಚೆನ್ನಾಗಿ ತಿಳಿದೀತು. ಮರುವರ್ಷದಿಂದ ಹಾಗೆಯೇ ಹೇಳುತ್ತ ಬಂದಿದ್ದೇನೆ. ಮ್ಯೂಸಿಯಂ ನೋಡಿಸಿ, ತೋಪು ಇಟ್ಟಿರುವ ಬುರುಜಿನ ನೆರಳಿನಲ್ಲಿ ಕೂಡಿಸಿ, ಮೂರು ಸಂಗತಿ ಹೇಳುತ್ತೇನೆ.

ಮೊದಲನೆಯದು ಮಹಮೂದ್ ಗವಾನನದು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 1472ರಲ್ಲಿ ಬೀದರ್‌ನಲ್ಲಿ ಮೂರಂತಸ್ತಿನ ಮದ್ರಸಾ ಕಟ್ಟಿಸಿದ, ಅದರಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೆಳಗಾವಿ ಕೋಟೆಗೆ ಮುತ್ತಿಗೆ ಬಿತ್ತು. ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸುವ ಯುದ್ಧವನ್ನು ದಖ್ಖನಿನವರು ಅಲ್ಲಿ ಮೊದಲು ಕಂಡರೆಂದು ಫರಿಶ್ತಾ ಬರೆದಿದ್ದಾನೆ. ಶಾಲೆ ಕಟ್ಟಿದವನೂ ಅವನೇ, ಆ ಸೈನ್ಯದ ಹಿಂದಿದ್ದವನೂ ಅವನೇ. 1481ರಲ್ಲಿ ವೈರಿಗಳು ಅವನ ಮುದ್ರೆ ಒತ್ತಿಸಿಕೊಂಡ ಖಾಲಿ ಹಾಳೆಯ ಮೇಲೆ ಕಳ್ಳಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ತಾನು ದುಡಿದ ಒಡೆಯನ ಮಾತಿನಿಂದಲೇ ಆ ಮುದುಕನ ತಲೆ ಹೋಯಿತು.

ಎರಡನೆಯದು ಸಿದ್ದಿ ಮರ್ಜಾನನದು. 1657ರಲ್ಲಿ, ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬ ಬೀದರ್‌ಗೆ ಮುತ್ತಿಗೆ ಹಾಕಿದ. ಆಗ ಕೋಟೆ ವಿಜಾಪುರದ ಆದಿಲಶಾಹಿಗಳದು. ಕೋಟೆ ಕಾಯುತ್ತಿದ್ದವನು ಆಫ್ರಿಕಾ ಮೂಲದ ಹಬ್ಷಿ ಸರದಾರ ಮರ್ಜಾನ್. ಇಪ್ಪತ್ತೇಳು ದಿನ ಕಾದ. ಕೊನೆಗೆ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ಹೊರಗಿನಿಂದ ಬಂದ ಕಿಡಿ ತಗಲಿ ಎಲ್ಲ ಸಿಡಿಯಿತು. ಮೈಯೆಲ್ಲ ಸುಟ್ಟುಕೊಂಡ ಮರ್ಜಾನ್ ತನ್ನ ಏಳು ಮಕ್ಕಳ ಕೈಯಲ್ಲಿ ಕೀಲಿಕೈ ಕಳಿಸಿ ಪ್ರಾಣ ಬಿಟ್ಟ. ಗೆದ್ದವರಿಗೆ 230 ತೋಪುಗಳು ಸಿಕ್ಕವು. ಇಲ್ಲಿ ನಾನು ನಿಲ್ಲಿಸಿ ಕೇಳುತ್ತೇನೆ: “ಈಗ ಹೇಳಿರಿ, ಇದರಾಗ ನಮ್ಮವ್ರು ಯಾರು, ಅವ್ರು ಯಾರು?” ಮುತ್ತಿದವನೂ ಮುಸಲ್ಮಾನ, ಕಾದವನೂ ಮುಸಲ್ಮಾನ. ಕೋಟೆಯೊಳಗೆ ಸಿಕ್ಕಿಬಿದ್ದ ಬೀದರ್‌ನ ಮಂದಿಯಲ್ಲಿ ಎಲ್ಲರೂ ಇದ್ದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಮೂರನೆಯದು ಮತ್ತೆ ಆ ಮದ್ರಸಾದ್ದು. ಔರಂಗಜೇಬನ ಕಾಲದಲ್ಲಿ ಪಾಠಶಾಲೆಯಲ್ಲಿ ಸೈನಿಕರು ಇಳಿದರು, ಕೋಣೆಗಳಲ್ಲಿ ಮದ್ದು ತುಂಬಿದರು. 1696ರ ಹೊತ್ತಿಗೆ ಅದು ಸಿಡಿದು ಕಟ್ಟಡದ ಮುಂಭಾಗ ಉರುಳಿತು. ಸಿಡಿಲು ಬಡಿದು ಹೊತ್ತಿತೆಂದು ಹೇಳುವವರೂ ಇದ್ದಾರೆ. ಸಿಡಿಲೇ ಬಿದ್ದಿರಲಿ, ಪುಸ್ತಕವಿರಬೇಕಾದಲ್ಲಿ ಮದ್ದು ಇಡದಿದ್ದರೆ ಅಷ್ಟು ಅನಾಹುತ ಆಗುತ್ತಿರಲಿಲ್ಲ. ಈಗ ಒಂದೇ ಮಿನಾರು ನಿಂತಿದೆ, ನೀಲಿ ಹಂಚಿನ ಚೂರುಗಳು ಅಲ್ಲಲ್ಲಿ ಉಳಿದಿವೆ. ಮೇಷ್ಟರಾದವರು ಅದರ ಮುಂದೆ ಸುಮ್ಮನೆ ನಿಂತುಕೊಳ್ಳುವುದು ಕಷ್ಟ. ಅಂದು ನಾನೂ ನನ್ನ ತರಗತಿಯಲ್ಲಿ ಸ್ವಲ್ಪ ಮದ್ದು ತುಂಬಿದ್ದೆನಲ್ಲ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

2022ರ ದಸರಾ ರಜೆಯಲ್ಲಿ ಮೈಸೂರಿನ ಮಗಳ ಮನೆಗೆ ಹೋದಾಗ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ನೋಡಿ ಬಂದೆ. ‘ಸನ್ನಿ ಸೈಡ್’ ಎಂಬ ಅವರ ಮನೆಯನ್ನೇ 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಮಾಡಿ ತೆರೆದಿದ್ದಾರೆ. ಅಲ್ಲಿಯೂ ಆಯುಧಗಳಿವೆ, ಅಂಗಳದಲ್ಲಿ ಯುದ್ಧದ ಟ್ಯಾಂಕ್ ನಿಂತಿದೆ. ಆದರೆ ಎಲ್ಲದರ ನಡುವೆ ಒಬ್ಬ ಮನುಷ್ಯನ ಬಾಳು ಇದೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ತೀರಿಕೊಂಡದ್ದು 1965ರಲ್ಲಿ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ. ಜಗಳವಾಡುವ ಎರಡು ಕಡೆಯವರ ನಡುವೆ ನಿಲ್ಲುವ ಕೆಲಸದಲ್ಲಿ ಒಬ್ಬ ಸೇನಾಪತಿ ಪ್ರಾಣ ಬಿಟ್ಟದ್ದನ್ನು ಈಗ ನಮ್ಮ ಮಕ್ಕಳಿಗೂ ಹೇಳುತ್ತೇನೆ. ನಮ್ಮ ಹಮಾಮಿನ ಕತ್ತಿಗಳಿಗೆ ಅಂಥ ಹೆಸರಿಲ್ಲ. ಹೆಸರು ಸೇರಿಸುವ ಕೆಲಸ ನಮ್ಮದೇ.

ಹೀಗೆ ಹೇಳುತ್ತ ಹೋದರೆ 1948 ತಪ್ಪಿಸಿಕೊಳ್ಳಲಾಗದು. ಈಗ ಅದನ್ನು ಪೂರ್ತಿ ಹೇಳುತ್ತೇನೆ. ಗೊರಟಾದ ಸಂಗತಿಯನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೊರಟು, 17ಕ್ಕೆ ನಿಜಾಮ ಶರಣಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಏನೂ ಅರಿಯದ ಮುಸಲ್ಮಾನರನ್ನು ಕೊಂದದ್ದನ್ನೂ ಹೇಳುತ್ತೇನೆ. ವಿಚಾರಿಸಲು ಕೇಂದ್ರ ಸರಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ಅನಾಹುತವಾದ ಜಿಲ್ಲೆಗಳಲ್ಲಿ ಬೀದರ್ ಅನ್ನೂ ಹೆಸರಿಸಿತು. ಆ ವರದಿ ಎಷ್ಟೋ ದಶಕ ಜನರ ಕೈಗೆ ಬರಲಿಲ್ಲ.

ನನಗೆ ಇದು ವರದಿಗಿಂತ ಮೊದಲೇ ಗೊತ್ತಿತ್ತು. ನಮ್ಮ ಅಜ್ಜಿಯನ್ನು ಆಯಿ ಎನ್ನುತ್ತಿದ್ದೆವು. ರಜಾಕಾರರು ಬರುತ್ತಾರೆಂಬ ಸುದ್ದಿ ಬಂದ ರಾತ್ರಿ ಆಯಿ ಎರಡು ಕೂಸುಗಳೊಡನೆ ಪಕ್ಕದ ಮುಸಲ್ಮಾನರ ಮನೆಯ ಕಣಕಿಯ ಕೋಣೆಯಲ್ಲಿ ಕೂತಿದ್ದಳಂತೆ. ನಾಲ್ಕು ತಿಂಗಳಿಗೆ ಕಾಲ ತಿರುಗಿತು. ಆ ಮನೆಯ ಹಿರಿಮಗನನ್ನು ಆಯಿ ನಮ್ಮ ಜೋಳದ ಹಗೇವಿನಲ್ಲಿ ಇಳಿಸಿದಳು. ಹಗೇವಿನ ಕೆಟ್ಟ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಅದಕ್ಕೆ ಮೊದಲು ದೀಪ ಇಳಿಸಿ, ಅದು ಆರಲಿಲ್ಲವೆಂದು ನೋಡಿ, ಆಮೇಲೆ ಅವನನ್ನು ಇಳಿಸಿದ್ದು. ರಾತ್ರಿ ಮೂರು ಸಲ ಎದ್ದು ಬಾಯಿಯ ಕಲ್ಲು ಸರಿಸುತ್ತಿದ್ದಳು. ಹೀಗೆ ಮೂರು ರಾತ್ರಿ. “ಭಯ ಆಗಲಿಲ್ಲೇನಾಯಿ?” ಎಂದರೆ, “ಕಲ್ಲ ಭಾಳ ಭಾರ ಇತ್ತವ್ವ, ಭಯಕ್ಕ ಪುರಸೊತ್ತ ಎಲ್ಲಿತ್ತ?” ಎನ್ನುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ಅಂದು ತರಗತಿಯಲ್ಲಿ ನಾನು ಕಣಕಿಯ ಕೋಣೆಯನ್ನೂ ಹೇಳಲಿಲ್ಲ, ಹಗೇವನ್ನೂ ಹೇಳಲಿಲ್ಲ.

ಕೋಟೆಯಿಂದ ಮರಳುವಾಗ ಮಕ್ಕಳನ್ನು ಬಿದರಿ ಕೆಲಸದವರ ಅಂಗಡಿಗೂ ಕರೆದೊಯ್ಯುತ್ತೇನೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಮಳೆ ಬಿಸಿಲು ತಾಗದ ಜಾಗದ ಹಳೆಯ ಮಣ್ಣೇ ಬೇಕು. ಅದರಲ್ಲಿ ಪೆಟ್ಲುಪ್ಪಿನ ಅಂಶವಿರುವುದರಿಂದ ಈ ಗುಣ ಬಂದಿದೆ ಎನ್ನುತ್ತಾರೆ. ತೋಪಿನ ಮದ್ದಿಗೆ ಬೇಕಾದದ್ದೂ ಪೆಟ್ಲುಪ್ಪೇ.

ಹಗೇವು ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಬಾಯಿಯ ಕಲ್ಲು ಮಾತ್ರ ನಮ್ಮ ಹಿತ್ತಲಲ್ಲಿದೆ, ಅದರ ಮೇಲೆ ಬಟ್ಟೆ ಒಗೆಯುತ್ತೇವೆ. ಯಾವ ಮ್ಯೂಸಿಯಮ್ಮಿನವರೂ ಅದನ್ನು ಕೇಳಿ ಬರುವುದಿಲ್ಲ. ಪ್ರವಾಸದ ದಿನ ಬಗದಲ್‌ಗೆ ಮರಳಿದ ಮೇಲೆ ಮಕ್ಕಳನ್ನು ಮನೆಗೆ ಕರೆದು ಚುರಮುರಿ ಕೊಡುತ್ತೇನೆ. ಇಬ್ಬಿಬ್ಬರಾಗಿ ಬಂದು ಆ ಕಲ್ಲು ಎತ್ತಿ ನೋಡಿರೆಂದು ಹೇಳುತ್ತೇನೆ. ಗಟ್ಟಿ ಹುಡುಗರೂ ಒಂದು ಗೇಣು ಸರಿಸುವಷ್ಟರಲ್ಲಿ ಉಸ್ಸೆನ್ನುತ್ತಾರೆ. “ನಿಮ್ಮ ಆಯಿ ಒಬ್ಬಾಕಿನೇ ಸರಿಸ್ತಿದ್ದಳಾ ಮೇಡಂ?” ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಆಮೇಲೆ ಆಯಿಯ ಹೆಸರು ಹೇಳುತ್ತೇನೆ, ಹಗೇವಿನಲ್ಲಿ ಕೂತಿದ್ದವನ ಹೆಸರನ್ನೂ ಹೇಳುತ್ತೇನೆ.