ಅಂಚೆಯಲ್ಲಿ ಹೋದ ಲೆಕ್ಕ

'ಕಂಪ್ಯೂಟರ್' ಎಂದೊಡನೆ ನಿಮ್ಮ ಕಣ್ಣ ಮುಂದೆ ಒಂದು ಯಂತ್ರ ನಿಲ್ಲುತ್ತದೆ, ಅಲ್ಲವೆ? ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಯಂತ್ರದ ಹೆಸರಲ್ಲ, ಒಂದು ಉದ್ಯೋಗದ ಹೆಸರು. ಲೆಕ್ಕ ಮಾಡಿ ಹಣ ಪಡೆಯುವ ಮನುಷ್ಯನೇ ಕಂಪ್ಯೂಟರ್.

ಅಮೆರಿಕದಲ್ಲಿ 2020ರ ನಂತರ ಲೆಕ್ಕಪರಿಶೋಧಕರ ಕೊರತೆ ತೀವ್ರವಾಯಿತು. ಅಲ್ಲಿನ ತೆರಿಗೆ ಲೆಕ್ಕ, ಜಮಾಖರ್ಚಿನ ಕೆಲಸಗಳಲ್ಲಿ ಸಾಕಷ್ಟು ಪಾಲು ಬೆಂಗಳೂರೂ ಸೇರಿದಂತೆ ಭಾರತದ ನಗರಗಳಿಗೆ ಬರುತ್ತಿದೆ. ಇದನ್ನು ಹೊರಗುತ್ತಿಗೆ ಎನ್ನುತ್ತೇವೆ; ಅಂತರಜಾಲ ಯುಗದ ಕೂಸೆಂದು ತಿಳಿಯುತ್ತೇವೆ. ಆದರೆ ಬಲ್ಲವರ ಕೊರತೆಯಿಂದಾಗಿ ಲೆಕ್ಕವನ್ನು ದೂರದ ಊರುಗಳಿಗೆ ಕಳಿಸುವ ಪದ್ಧತಿ ಖಗೋಳ ವಿಜ್ಞಾನದಲ್ಲಿ ಎರಡೂವರೆ ಶತಮಾನಗಳ ಹಿಂದೆಯೇ ಇತ್ತು. ಅದರ ಕಥೆ ಇಂದಿಗೂ ಪಾಠ ಹೇಳುತ್ತದೆ.

ಚಂದ್ರನೇ ಗಡಿಯಾರ

ನಡುಗಡಲಿನ ಹಡಗಿಗೆ ತನ್ನ ರೇಖಾಂಶ ತಿಳಿಯಬೇಕಾದರೆ ಸ್ಥಳೀಯ ವೇಳೆಯ ಜೊತೆಗೆ ಗ್ರೀನಿಚ್ ವೇಳೆಯೂ ಗೊತ್ತಿರಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ ಎರಡು ವೇಳೆಗಳ ನಡುವಿನ ಪ್ರತಿ ಗಂಟೆಯ ವ್ಯತ್ಯಾಸಕ್ಕೆ 15 ಡಿಗ್ರಿ ರೇಖಾಂಶ. ಆಗ ನಂಬಲರ್ಹ ನೌಕಾ ಗಡಿಯಾರ ಅಪರೂಪ, ಬಹಳ ದುಬಾರಿ. ಅದಕ್ಕೆ ಬದಲಾಗಿ ಚಂದ್ರನನ್ನೇ ಗಡಿಯಾರದ ಮುಳ್ಳಾಗಿ ಬಳಸಬಹುದಿತ್ತು. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಸರಿಯುತ್ತಾನೆ. ಅವನಿಗೂ ಒಂದು ನಕ್ಷತ್ರಕ್ಕೂ ಇರುವ ಕೋನವನ್ನು ಅಳೆದು, ಆ ಕೋನ ಗ್ರೀನಿಚ್‌ನ ಯಾವ ವೇಳೆಗೆ ಬರುತ್ತದೆಂದು ಕೋಷ್ಟಕದಲ್ಲಿ ನೋಡಿದರಾಯಿತು.

ಆದರೆ ಕೋಷ್ಟಕ ತಪ್ಪಿದರೆ? ನೀವೇ ಲೆಕ್ಕ ಹಾಕಿ ನೋಡಿ. ಚಂದ್ರನ ಸ್ಥಾನದಲ್ಲಿ ಡಿಗ್ರಿಯ ಅರವತ್ತನೆಯ ಒಂದು ಭಾಗ ತಪ್ಪಿದರೆ ವೇಳೆಯಲ್ಲಿ 2 ನಿಮಿಷ ತಪ್ಪುತ್ತದೆ; ರೇಖಾಂಶದಲ್ಲಿ ಅರ್ಧ ಡಿಗ್ರಿ. ಸಮಭಾಜಕದ ಬಳಿ ಇದು ಸುಮಾರು 55 ಕಿಲೋಮೀಟರ್. ಕತ್ತಲಲ್ಲಿ ಬಂಡೆಗೆ ಬಡಿಯಲು ಇಷ್ಟು ಸಾಕು.

ಒಬ್ಬ ಸಹಾಯಕ, ವರ್ಷದ ಲೆಕ್ಕ

1765ರಲ್ಲಿ ರಾಜಖಗೋಳಜ್ಞರಾದ ನೆವಿಲ್ ಮಾಸ್ಕೆಲಿನ್ ಇಂತಹ ಕೋಷ್ಟಕಗಳನ್ನು ಪ್ರತಿವರ್ಷ ಮುಂಚಿತವಾಗಿ ಪ್ರಕಟಿಸಲು ಹೊರಟರು. ಇದೇ 'ನಾಟಿಕಲ್ ಆಲ್ಮನಾಕ್', ಅಂದರೆ ನಾವಿಕರ ಪಂಚಾಂಗ. ಮೊದಲ ಸಂಪುಟ 1767ನೆಯ ವರ್ಷದ್ದು. ಜರ್ಮನಿಯ ಟೋಬಿಯಾಸ್ ಮೇಯರ್ ರಚಿಸಿದ ಚಂದ್ರನ ಚಲನೆಯ ಕೋಷ್ಟಕಗಳು ಇದಕ್ಕೆ ಆಧಾರ. ನಾವಿಕನಿಗೆ ಹಿಂದೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತಿದ್ದ ಲೆಕ್ಕವನ್ನು ಪಂಚಾಂಗ ಅರ್ಧ ಗಂಟೆಗೆ ಇಳಿಸಿತು. ಉಳಿದ ಶ್ರಮವೆಲ್ಲ ಪಂಚಾಂಗ ಮಾಡುವವರ ತಲೆಗೆ ಬಂತು. ದಿನಕ್ಕೆರಡು ಬಾರಿಯಂತೆ ಚಂದ್ರನ ಸ್ಥಾನ, ಅಂದರೆ ವರ್ಷಕ್ಕೆ 730 ಸ್ಥಾನಗಳು. ಜೊತೆಗೆ ಮೂರು ಗಂಟೆಗೊಮ್ಮೆ ನಕ್ಷತ್ರಗಳಿಂದ ಚಂದ್ರನ ದೂರ. ಗ್ರೀನಿಚ್‌ನಲ್ಲಿ ಮಾಸ್ಕೆಲಿನ್ನರಿಗಿದ್ದುದು ಒಬ್ಬನೇ ಸಹಾಯಕ!

ಅವರು ಕಂಡುಕೊಂಡ ದಾರಿ ಅಂಚೆ. ಶಾಲಾ ಶಿಕ್ಷಕರು, ಪಾದ್ರಿಗಳು, ಮೋಜಣಿದಾರರು ಮುಂತಾದ ಲೆಕ್ಕ ಬಲ್ಲವರನ್ನು ಊರೂರುಗಳಲ್ಲಿ ಹುಡುಕಿದರು. ಯಾವ ಕೋಷ್ಟಕ ನೋಡಬೇಕು, ಯಾವುದಕ್ಕೆ ಯಾವುದನ್ನು ಕೂಡಬೇಕು ಎಂಬ ಹಂತಹಂತದ ಸೂಚನೆಗಳನ್ನು ಬರೆದು ಕಳಿಸಿದರು. ಇಂದಿನ ಭಾಷೆಯಲ್ಲಿ ಅದು ಪ್ರೋಗ್ರಾಮ್. ಒಬ್ಬ ಕಂಪ್ಯೂಟರ್ ಚಂದ್ರನ ನಡುಹಗಲಿನ ಸ್ಥಾನಗಳನ್ನು, ಇನ್ನೊಬ್ಬ ನಡುರಾತ್ರಿಯ ಸ್ಥಾನಗಳನ್ನು ಮನೆಯಲ್ಲೇ ಕುಳಿತು ಗುಣಿಸಿ ಕಳಿಸುತ್ತಿದ್ದರು. ಮೂರನೆಯವ 'ಕಂಪೇರರ್', ಅಂದರೆ ತಾಳೆ ನೋಡುವವ.

ತಪ್ಪನ್ನು ಹಿಡಿಯುವ ಉಪಾಯ

ತಾಳೆಗಾರ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕಾಗಿರಲಿಲ್ಲ. ಇಬ್ಬರ ಉತ್ತರಗಳನ್ನೂ ಒಂದಾದ ಮೇಲೊಂದು ಜೋಡಿಸಿ ವ್ಯತ್ಯಾಸ ತೆಗೆಯುತ್ತಿದ್ದ. ಉಪಾಯ ಸರಳ. 1, 4, 9, 16, 25, 36 ಎಂಬ ವರ್ಗಸಂಖ್ಯೆಗಳನ್ನು ತೆಗೆದುಕೊಳ್ಳಿ. ಅಕ್ಕಪಕ್ಕದವುಗಳ ವ್ಯತ್ಯಾಸ 3, 5, 7, 9, 11. ಅವುಗಳ ವ್ಯತ್ಯಾಸ 2, 2, 2, 2. ಈಗ 16ರ ಬದಲು 17 ಎಂದು ತಪ್ಪಾಗಿ ಬರೆಯಿರಿ. ಎರಡನೆಯ ವ್ಯತ್ಯಾಸ 2, 3, 0, 3 ಎಂದಾಗುತ್ತದೆ. ತಪ್ಪು ಇದೆ ಎಂಬುದಷ್ಟೇ ಅಲ್ಲ, ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಪಂಚಾಂಗದ ಕೆಲವು ಭಾಗಗಳನ್ನು ಇಬ್ಬರೂ ಪ್ರತ್ಯೇಕವಾಗಿ ಗುಣಿಸಬೇಕಿತ್ತು. ಇಬ್ಬರ ಉತ್ತರ ಒಂದೇ ಆದರೆ ಲೆಕ್ಕ ಸರಿ ಎಂಬ ನಂಬಿಕೆ. 1770ರ ಸುಮಾರಿಗೆ ಜೋಸೆಫ್ ಕೀಚ್, ರೂಬೆನ್ ರಾಬಿನ್ಸ್ ಎಂಬಿಬ್ಬರು ಒಬ್ಬರದನ್ನೊಬ್ಬರು ನಕಲು ಮಾಡುತ್ತಿದ್ದುದನ್ನು ತಾಳೆಗಾರ ಮಲಕೈ ಹಿಚಿನ್ಸ್ ಪತ್ತೆಹಚ್ಚಿದರು. ಇಬ್ಬರೂ ಕೆಲಸ ಕಳೆದುಕೊಂಡರು. ಇಲ್ಲಿನ ತತ್ತ್ವವನ್ನು ಪ್ರಯೋಗಾಲಯದಲ್ಲಿ ದುಡಿಯುವ ನಾವೆಲ್ಲ ನೆನಪಿಡಬೇಕು: ಎರಡು ಉತ್ತರಗಳು ಹೊಂದುವುದು ಸಾಕ್ಷಿಯಲ್ಲ, ಸ್ವತಂತ್ರವಾಗಿ ಬಂದ ಎರಡು ಉತ್ತರಗಳು ಹೊಂದುವುದು ಸಾಕ್ಷಿ.

ಕಾಣದ ಕೈ

ಶ್ರಾಪ್‌ಶೈರ್‌ನ ಲಡ್ಲೋ ಎಂಬ ಊರಿನ ಪಾದ್ರಿ ಜಾನ್ ಎಡ್ವರ್ಡ್ಸ್ ಈ ಕಂಪ್ಯೂಟರ್‌ಗಳಲ್ಲೊಬ್ಬರು. 1784ರಲ್ಲಿ ಅವರು ತೀರಿಕೊಂಡಾಗ ಒಂದು ಸಂಗತಿ ಬಯಲಾಯಿತು. ಅವರ ಹೆಸರಿನಲ್ಲಿ ಬರುತ್ತಿದ್ದ ಲೆಕ್ಕದಲ್ಲಿ ಬಹುಪಾಲನ್ನು ಮಾಡುತ್ತಿದ್ದವರು ಪತ್ನಿ ಮೇರಿ! ಮಾಸ್ಕೆಲಿನ್ ಕೆಲಸವನ್ನು ಆಕೆಯ ಹೆಸರಿಗೇ ಕೊಟ್ಟರು. 1815ರಲ್ಲಿ ತೀರಿಕೊಳ್ಳುವವರೆಗೂ ಆಕೆ ಲೆಕ್ಕ ಮಾಡಿದರು. ನಂತರ ಮಗಳು ಎಲೈಜಾ ಮುಂದುವರಿಸಿದರು. ಆದರೆ 1830ರ ದಶಕದ ಆರಂಭದಲ್ಲಿ ಎಲ್ಲ ಕೆಲಸವನ್ನೂ ಲಂಡನ್ನಿನ ಒಂದೇ ಕಚೇರಿಗೆ ತಂದಾಗ ಅಲ್ಲಿ ಹೆಂಗಸರಿಗೆ ಎಡೆಯಿರಲಿಲ್ಲ. ಮನೆಯಲ್ಲಿ ಮಾಡಿದರೆ ಒಪ್ಪಿಗೆಯಾಗಿದ್ದ ಲೆಕ್ಕ ಕಚೇರಿಗೆ ಬಂದಾಗ ಆಕೆಯದಾಗಿ ಉಳಿಯಲಿಲ್ಲ.

ಅಷ್ಟರಲ್ಲಿ ಪಂಚಾಂಗವೂ ಏಳುಬೀಳು ಕಂಡಿತ್ತು. 1811ರಲ್ಲಿ ಮಾಸ್ಕೆಲಿನ್ ನಿಧನರಾದ ಮೇಲೆ ಮೇಲ್ವಿಚಾರಣೆ ಸಡಿಲವಾಗಿ ತಪ್ಪುಗಳು ಹೆಚ್ಚಿದವು. ಕೊನೆಗೆ 1818ರಲ್ಲಿ ಹೊಣೆಯನ್ನು ಥಾಮಸ್ ಯಂಗ್ ಅವರಿಗೆ ವಹಿಸಲಾಯಿತು. ಬೆಳಕಿನ ವ್ಯತಿಕರಣದ ಪ್ರಯೋಗದಲ್ಲಿ ನೀವು ಓದುವ ಯಂಗ್ ಇವರೇ. ಮೊದಲಿನಂತೆಯೇ ಆಗಲೂ ಲೆಕ್ಕ ಹೊರಗಡೆಯೇ ನಡೆಯುತ್ತಿತ್ತು. ಸಡಿಲವಾದದ್ದು ತಾಳೆ ನೋಡುವ ಶಿಸ್ತು.

ಲೆಕ್ಕಪತ್ರದ ಯಂತ್ರ ಆಕಾಶಕ್ಕೆ

ಈ ಕಥೆಗೆ ಸ್ವಾರಸ್ಯದ ಮುಕ್ತಾಯವಿದೆ. 1920ರ ದಶಕದ ಕೊನೆಯಲ್ಲಿ ಅದೇ ನಾವಿಕ ಪಂಚಾಂಗ ಕಚೇರಿಯ ಲೆಸ್ಲಿ ಕಾಮ್ರಿ ವ್ಯಾಪಾರಿಗಳ ಜಮಾಖರ್ಚಿಗೆಂದು ತಯಾರಾದ ಯಂತ್ರಗಳನ್ನು ಖಗೋಳಕ್ಕೆ ಹಚ್ಚಿದರು. ಚಂದ್ರನ ಸ್ಥಾನಗಳನ್ನು ಹಾಲರಿತ್ ರಂಧ್ರಪತ್ರ ಯಂತ್ರಗಳು ಕೂಡಿದವು. ತಪ್ಪು ಹಿಡಿಯುವ ವ್ಯತ್ಯಾಸಗಳನ್ನು ಲೆಕ್ಕಪತ್ರ ಯಂತ್ರಗಳು ತೆಗೆದವು. ಅಂಗಡಿಯ ಲೆಕ್ಕಕ್ಕೂ ಆಕಾಶದ ಲೆಕ್ಕಕ್ಕೂ ಬೇಕಾದುದು ಒಂದೇ ಬಗೆಯ ಎಚ್ಚರ.

ಆದ್ದರಿಂದ ಲೆಕ್ಕವನ್ನು ಹೊರಗೆ ಕಳಿಸಿದ ಮಾತ್ರಕ್ಕೆ ನುರಿತವರ ಕೊರತೆ ನೀಗುವುದಿಲ್ಲ. ಸೂಚನೆ ಬರೆಯುವವನೂ ತಾಳೆ ನೋಡುವವನೂ ನುರಿತವರೇ ಆಗಿರಬೇಕು. ಲೆಕ್ಕವನ್ನು ಯಂತ್ರಕ್ಕೇ ಒಪ್ಪಿಸುತ್ತಿರುವ ಈ ದಿನಗಳಲ್ಲಂತೂ ತಾಳೆ ನೋಡುವ ವಿದ್ಯೆ ಕೈಬಿಡುವಂತಹುದಲ್ಲ.

ಶಿಕ್ಷಕ ಮಿತ್ರರೇ, ತರಗತಿಯಲ್ಲಿ ಇದನ್ನೊಮ್ಮೆ ಮಾಡಿಸಿ. ಒಬ್ಬ ವಿದ್ಯಾರ್ಥಿಗೆ 1ರಿಂದ 30ರವರೆಗಿನ ಬೆಸಸಂಖ್ಯೆಗಳ ವರ್ಗ, ಮತ್ತೊಬ್ಬನಿಗೆ ಸಮಸಂಖ್ಯೆಗಳ ವರ್ಗ ಕೊಡಿ. ಮೂರನೆಯವಳು ಎರಡನ್ನೂ ಹೆಣೆದು ವ್ಯತ್ಯಾಸ ತೆಗೆಯಲಿ. ಮೊದಲಿಬ್ಬರನ್ನು ಮಾತ್ರ ಒಂದೇ ಬೆಂಚಿನಲ್ಲಿ ಕೂರಿಸಬೇಡಿ!