ನಾರ್ಮಲ್ ಎಂಬ ರಿಪೋರ್ಟಿನ ಹಿಂದೆ

ಎರಡು ವರ್ಷದ ಹಿಂದೆ ಅಮ್ಮನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ 500 ದಾಟಿತ್ತು. ಓಡಿ ಬಂದವರ ಹಾಗೆ ಆಳವಾಗಿ ಉಸಿರೆಳೆಯುತ್ತಿದ್ದರು. “ಇನ್ಸುಲಿನ್ ಯಾಕೆ ಇನ್ನೂ ಕೊಟ್ಟಿಲ್ಲ?” ಎಂದು ರೇಗಿದೆ. “ಸಲೈನ್ ಹೋಗ್ತಿದೆ ಸರ್, ಪೊಟ್ಯಾಸಿಯಂ ರಿಪೋರ್ಟ್ ಬರಲಿ” ಎಂದರು ಡಾಕ್ಟರ್. ರಿಪೋರ್ಟ್ ಬಂತು: 4.2, ನಾರ್ಮಲ್. ಆದರೂ ಅವರು ಇನ್ಸುಲಿನ್ ಜೊತೆಗೆ ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸಿದರು. ಸರಿ ಇರುವುದಕ್ಕೆ ಮತ್ತೆ ಸೇರಿಸುವುದೇಕೆ? ಆ ಪ್ರಶ್ನೆಯೇ ನನ್ನನ್ನು ಹಳೆಯ ವೈದ್ಯಕೀಯ ಬರಹಗಳತ್ತ ಎಳೆದೊಯ್ದಿತು.

ಮಧುಮೇಹ ಉಲ್ಬಣಿಸಿದವರ ಈ ಉಸಿರಾಟವನ್ನು 1874ರಲ್ಲಿ ವರ್ಣಿಸಿದವರು ಜರ್ಮನಿಯ ಅಡಾಲ್ಫ್ ಕುಸ್ಮೌಲ್. ರಕ್ತದಲ್ಲಿ ಆಮ್ಲ ಹೆಚ್ಚಿದಾಗ ಅದನ್ನು ಹೊರಹಾಕಲು ದೇಹ ಪಡುವ ಪಾಡು ಅದು. 1922ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಬಳಕೆಗೆ ಬಂದ ಮೇಲೆ ಇಂಥವರು ಬದುಕತೊಡಗಿದರು. ಆದರೆ ಎಲ್ಲರೂ ಅಲ್ಲ. ಸಕ್ಕರೆ ಇಳಿದು, ಎಚ್ಚರ ಮರಳುವ ಹೊತ್ತಿಗೆ ಕೆಲವರು ತೀರಿಕೊಳ್ಳುತ್ತಿದ್ದರು.

1933ರಲ್ಲಿ ನ್ಯೂಯಾರ್ಕಿನ ಡಾನಾ ಆಚ್ಲಿ ಮತ್ತು ಸಂಗಡಿಗರು ಮಧುಮೇಹಿಗಳ ಇನ್ಸುಲಿನ್ ನಿಲ್ಲಿಸಿ, ಮತ್ತೆ ಕೊಟ್ಟು, ದೇಹದ ಲವಣಗಳ ಜಮಾ-ಖರ್ಚು ಬರೆದಿಟ್ಟರು. ಓದುವಾಗ ಮೈ ಜುಮ್ಮೆಂದಿತು. ಮೂತ್ರದಲ್ಲಿ ಹೋಗುವ ಸಕ್ಕರೆ ನೀರನ್ನೂ ಸೋಡಿಯಂ, ಪೊಟ್ಯಾಸಿಯಂಗಳನ್ನೂ ಎಳೆದೊಯ್ಯುತ್ತದೆ ಎಂಬುದು ಆ ಲೆಕ್ಕದಲ್ಲಿ ಕಂಡಿತು.

ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಇರುವುದು ಜೀವಕೋಶಗಳ ಒಳಗೆ. ಇನ್ಸುಲಿನ್ ಇಲ್ಲದಾಗ ಅದು ರಕ್ತಕ್ಕೆ ಸೋರುತ್ತದೆ. ಕಣಜ ಬರಿದಾಗುತ್ತಿದ್ದರೂ ಅಂಗಳದಲ್ಲಿ ಚೆಲ್ಲಿದ ಕಾಳು ಕಂಡು ನಾವು ಸಮಾಧಾನಪಡುತ್ತೇವೆ. ಇನ್ಸುಲಿನ್ ಕೊಟ್ಟೊಡನೆ ಪೊಟ್ಯಾಸಿಯಂ ಜೀವಕೋಶಕ್ಕೆ ಮರಳುತ್ತದೆ, ರಕ್ತದಲ್ಲಿ ದಿಢೀರನೆ ಕುಸಿಯುತ್ತದೆ. ಆಗ ಸ್ನಾಯುಗಳು ಸೋಲುತ್ತವೆ, ಹೃದಯದ ಲಯ ತಪ್ಪುತ್ತದೆ.

1946ರಲ್ಲಿ ಅಮೆರಿಕದ ವೈದ್ಯ ಜೇಕಬ್ ಹಾಲರ್ ಇಂಥದ್ದೇ ಪ್ರಕರಣವೊಂದನ್ನು ಪ್ರಕಟಿಸಿದರು. ಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯ ಉಸಿರಾಟದ ಸ್ನಾಯುಗಳು ಸೋತಿದ್ದವು. ಪೊಟ್ಯಾಸಿಯಂ ಕೊಟ್ಟ ಮೇಲೆ ಚೇತರಿಕೆ ಕಂಡಿತು. ಅದೇ ದಶಕದಲ್ಲಿ ಬಂದ ಫ್ಲೇಮ್ ಫೋಟೋಮೀಟರ್, ಜ್ವಾಲೆಯ ಬಣ್ಣದಿಂದಲೇ ಪೊಟ್ಯಾಸಿಯಂ ಅಳೆಯುವ ದಾರಿ ತೆರೆಯಿತು. ಅದಕ್ಕೆ ಮುಂಚಿನ ರಾಸಾಯನಿಕ ಪರೀಕ್ಷೆ ಹಾಸಿಗೆ ಪಕ್ಕದ ಅವಸರಕ್ಕೆ ಒದಗುವಂಥದ್ದಾಗಿರಲಿಲ್ಲ.

ಅಂದರೆ ಆ ರಾತ್ರಿ ನಾನು ವಿಳಂಬವೆಂದು ರೇಗಿದ್ದು, ಅನೇಕರ ಸಾವಿನಿಂದ ಕಲಿತ ಎಚ್ಚರಿಕೆಯ ಮೇಲೆ. ಅಮ್ಮ ನಾಲ್ಕನೇ ದಿನ ಮನೆಗೆ ಬಂದರು. ಆ ಡಾಕ್ಟರಿಗೆ ಕ್ಷಮೆ ಕೇಳುವುದು ಮಾತ್ರ ಬಾಕಿ ಇದೆ.